ಗ್ಲಾಸ್ಗೋದಿಂದ ಅಲ್ಲಪೂಲ್‌ವರೆಗೆ ಕಾರಿನಲ್ಲಿ: ಸ್ಕಾಟ್‌ಲೆಂಡ್‌ನ ಪಶ್ಚಿಮ ಕರಾವಳಿ ಪ್ಲಾನ್ ನೋಡಿ ಹೇಳಿ

ಬಸವನಗುಡಿ_ಸಂಜೆ:

ಎಲ್ಲರಿಗೂ ನಮಸ್ಕಾರ. ಮೇ ಕೊನೆಯಲ್ಲಿ ಸ್ಕಾಟ್‌ಲೆಂಡ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು, ಜೊತೆಗೆ ನಮ್ಮಮ್ಮ. ಶನಿವಾರ ಗ್ಲಾಸ್ಗೋದಲ್ಲಿ ಇಳಿಯುತ್ತೇವೆ. ಮುಂದಿನ ಶನಿವಾರ ದಾಟಿ ಬುಧವಾರ ವಾಪಸ್ ವಿಮಾನ. ವೀಸಾ, ಟಿಕೆಟ್ ಆಗಿದೆ. ಕಾರು, ರೂಮು ಇನ್ನೂ ಬುಕ್ ಮಾಡಿಲ್ಲ.

ನಮಗೆ ಬೇಕಿರುವುದು ಸಮುದ್ರದ ಪಕ್ಕದ ರಸ್ತೆ, ಸಣ್ಣ ಊರುಗಳು, ಲಾಖ್ ಎನ್ನುವ ಆ ಸರೋವರಗಳು. ದೊಡ್ಡ ಪಟ್ಟಣ ಈ ಸಲ ಬೇಡ. ಈಗಿನ ಪ್ಲಾನ್: ಗ್ಲಾಸ್ಗೋ, ಓಬನ್, ಫೋರ್ಟ್ ವಿಲಿಯಂ, ಸ್ಕೈ ದ್ವೀಪ, ಅಲ್ಲಪೂಲ್, ಡರ್ನೆಸ್, ಜಾನ್ ಓ ಗ್ರೋಟ್ಸ್, ಇನ್ವರ್ನೆಸ್, ಲಾಖ್ ನೆಸ್, ಮತ್ತೆ ಗ್ಲಾಸ್ಗೋ. ದಿನಕ್ಕೊಂದು ಊರು, ರಾತ್ರಿಗೊಂದು ರೂಮು.

ಇದು ಜಾಸ್ತಿ ಆಯಿತಾ? ಅಮ್ಮನಿಗೆ ಮಂಡಿ ನೋವು, ಹತ್ತಿ ಇಳಿಯುವುದು ಕಷ್ಟ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಯಜಮಾನರಿಗೆ ನಮ್ಮ ಘಾಟಿ ರಸ್ತೆಗಳು ಚೆನ್ನಾಗಿ ರೂಢಿ ಇವೆ. ಆದರೆ ಅಲ್ಲಿನ ಸಿಂಗಲ್ ಟ್ರ್ಯಾಕ್ ರಸ್ತೆಗಳ ಬಗ್ಗೆ ಓದಿ ಸ್ವಲ್ಪ ಯೋಚನೆ ಶುರುವಾಗಿದೆ. ಗೊತ್ತಿರುವವರು ದಯವಿಟ್ಟು ತಿದ್ದಿ.

ಗ್ಲಾಸ್ಗೋ_ಕನ್ನಡತಿ:

ನಮಸ್ಕಾರ ಅಕ್ಕ. ಊರುಗಳ ಆಯ್ಕೆ ಚೆನ್ನಾಗಿದೆ, ಆದರೆ ಅರ್ಧಕ್ಕರ್ಧ ಕಡಿಮೆ ಮಾಡಿ. ನೀವು ಬರೆದಿರುವುದು ನಾರ್ತ್ ಕೋಸ್ಟ್ 500 ಎಂಬ ಪ್ರವಾಸಿ ರಸ್ತೆಯ ಮುಕ್ಕಾಲು ಭಾಗ, ಅದರ ಜೊತೆ ಓಬನ್ ಕಡೆಯ ಆರ್ಗೈಲ್ ಸೀಮೆ, ಜೊತೆಗೆ ಸ್ಕೈ. ನಾರ್ತ್ ಕೋಸ್ಟ್ 500 ಒಂದೇ 516 ಮೈಲಿ, ಅಂದರೆ ಸುಮಾರು 830 ಕಿ.ಮೀ. ಅದು 2015ರಲ್ಲಿ ಶುರುವಾದ ಹೆಸರು, ಇನ್ವರ್ನೆಸ್‌ನಿಂದ ಇನ್ವರ್ನೆಸ್‌ಗೆ ಒಂದು ಸುತ್ತು. ಹೆಸರು ಬಂದ ಮೇಲೆ ಎಲ್ಲರಿಗೂ ಆ ಸುತ್ತು ಮುಗಿಸುವ ಹಟ ಬಂದುಬಿಟ್ಟಿದೆ.

ಇಲ್ಲಿ ಕಿಲೋಮೀಟರ್ ಲೆಕ್ಕ ಹಿಡಿದರೆ ಪ್ಲಾನ್ ಕೆಡುತ್ತದೆ. ಲಾಖ್ ಎಂದರೆ ಎಲ್ಲವೂ ಸಿಹಿನೀರಿನ ಸರೋವರ ಅಲ್ಲ. ಲಾಖ್ ಲೋಮಂಡ್ ಸರೋವರ. ಆದರೆ ಲಾಖ್ ಫೈನ್, ಲಾಖ್ ಲಿನ್ನಿ, ಲಾಖ್ ಟಾರಿಡನ್ ಇವೆಲ್ಲ ಭೂಮಿಯೊಳಗೆ ಉದ್ದಕ್ಕೆ ನುಗ್ಗಿದ ಸಮುದ್ರ. ಎದುರು ದಡದ ಊರು ಕಣ್ಣೆದುರೇ ಇರುತ್ತದೆ, ಸೇತುವೆ ಇರುವುದಿಲ್ಲ. ರಸ್ತೆ ನೀರಿನ ತುದಿವರೆಗೆ ಹೋಗಿ, ಬಳಸಿಕೊಂಡು ವಾಪಸ್ ಬರಬೇಕು. ಆ ಬಳಸು ದಾರಿಯೇ ನೀವು ನೋಡಲು ಬರುತ್ತಿರುವುದು. ಅದನ್ನು ಗಡಿಬಿಡಿಯಲ್ಲಿ ಓಡಿಸಿ ಏನು ಸಿಗುತ್ತದೆ ಹೇಳಿ?

ನನ್ನ ಸಲಹೆ: ಅಲ್ಲಪೂಲ್‌ಗೆ ನಿಲ್ಲಿಸಿ. ಅದರಾಚೆಯ ಉತ್ತರ ತುದಿ ಈ ಸಲ ಬಿಡಿ. ನಾಲ್ಕು ಕಡೆ ಮಾತ್ರ ತಂಗಿ: ಓಬನ್, ಆರಿಸೇಗ್, ಪ್ಲಾಕ್ಟನ್, ಅಲ್ಲಪೂಲ್. ಪ್ರತಿ ಕಡೆ ಕನಿಷ್ಠ ಎರಡು ರಾತ್ರಿ. ಮೇ ತಿಂಗಳು ಒಳ್ಳೆಯ ಆಯ್ಕೆ. ಪಶ್ಚಿಮ ಕರಾವಳಿಯಲ್ಲಿ ಏಪ್ರಿಲ್, ಮೇ, ಜೂನ್ ಸಾಮಾನ್ಯವಾಗಿ ಮಳೆ ಕಡಿಮೆ ಇರುವ ಕಾಲ. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಒಂದು ದಿನ ಮಳೆ ಹಿಡಿದರೆ ಮರುದಿನ ಅದೇ ಊರಿನಲ್ಲಿ ಬಿಸಿಲು ಕಾಣಬಹುದು. ದಿನಾ ಊರು ಬದಲಿಸುವವರಿಗೆ ಆ ಅವಕಾಶವೇ ಇಲ್ಲ.

ಇನ್ನೊಂದು ಮಾತು. ಮೇ ಕೊನೆಯ ಸೋಮವಾರ ಇಲ್ಲಿ ಬ್ಯಾಂಕ್ ರಜೆ. ಆ ವಾರಾಂತ್ಯ ಓಬನ್ ತುಂಬಿರುತ್ತದೆ. ರೂಮು ಇವತ್ತೇ ನೋಡಿ.

ಅಬರ್ಡೀನ್_ತೈಲ:

ಕನ್ನಡತಿಯವರ ಮಾತು ಪೂರ್ತಿ ಒಪ್ಪುವುದಿಲ್ಲ. ಅಲ್ಲಪೂಲ್ ದಾಟಿದ ಮೇಲೆಯೇ ನಿಜವಾದ ಹೈಲ್ಯಾಂಡ್ಸ್ ಶುರು. ಅಲ್ಲಿವರೆಗೆ ಬೆಟ್ಟ ಬೆಟ್ಟದ ಪಕ್ಕ ಇರುತ್ತದೆ. ಆಮೇಲೆ ಸುಯಿಲ್ವನ್ ಥರದ ಬೆಟ್ಟಗಳು ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಲ್ಲುತ್ತವೆ. ಡರ್ನೆಸ್ ಹತ್ತಿರದ ಮರಳು ಬಿಳಿ, ನೀರು ಹಸಿರು. ಅಷ್ಟು ದೂರ ಬೆಂಗಳೂರಿನಿಂದ ಬಂದು ಅದನ್ನು ನೋಡದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಗ್ಲಾಸ್ಗೋ_ಕನ್ನಡತಿ:

ಸಾರ್, ಆ ಜಾಗದ ಬಗ್ಗೆ ನನ್ನ ತಕರಾರಿಲ್ಲ. ನೀವು ಹೇಳಿದ್ದೆಲ್ಲ ನಿಜ. ಆದರೆ ಮಂಡಿ ನೋವಿರುವ ಹಿರಿಯರು, ಒಂದು ಮಗು, ಒಬ್ಬರೇ ಡ್ರೈವರ್. ಡರ್ನೆಸ್ ಸೇರಿಸಿದರೆ ಬೇರೆ ಏನನ್ನಾದರೂ ತೆಗೆಯಬೇಕು. ಅಲ್ಲಪೂಲ್‌ನಲ್ಲಿ ಎರಡು ರಾತ್ರಿ ಇದ್ದಾಗ ಒಂದು ದಿನ ಲಾಖ್ ಅಸಿಂಟ್ ದಡದ ಆರ್ಡ್‌ವ್ರೆಕ್ ಕೋಟೆ, ಅಲ್ಲಿಂದ ಕೈಲ್‌ಸ್ಕು ಸೇತುವೆವರೆಗೆ ಹೋಗಿ ಬರಲಿ. ಆ ಒಂಟಿ ಬೆಟ್ಟಗಳು ದಾರಿಯಲ್ಲೇ ಕಾಣುತ್ತವೆ ಅಲ್ವಾ?

ಅಬರ್ಡೀನ್_ತೈಲ:

ಅದು ಆಗಬಹುದು. ಕೈಲ್‌ಸ್ಕುವಿಗೆ ಹೋದರೆ ಸೇತುವೆ ದಾಟಿ, ಆಚೆ ಕಡೆಯ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ತಿರುಗಿ ನೋಡಿ. 1984ರವರೆಗೆ ಅಲ್ಲಿ ಸೇತುವೆ ಇರಲಿಲ್ಲ, ದೋಣಿಯಲ್ಲೇ ಕಾರು ದಾಟಿಸುತ್ತಿದ್ದರು. ಸೇತುವೆ ಬಾಗಿಕೊಂಡು ಹೋಗುತ್ತದೆ, ಹಿಂದೆ ಬೆಟ್ಟ, ಕೆಳಗೆ ನೀರು. ಅಮ್ಮ ಕಾರಿನಿಂದ ಇಳಿಯದೆಯೂ ನೋಡಬಹುದು.

ಹೈಲ್ಯಾಂಡ್_ನರ್ಸ್:

ನಾನು ಹೈಲ್ಯಾಂಡ್ಸ್‌ನ ಪಶ್ಚಿಮ ಭಾಗದಲ್ಲಿ ನರ್ಸ್. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸ. ಈ ಸಿಂಗಲ್ ಟ್ರ್ಯಾಕ್ ರಸ್ತೆಗಳಲ್ಲೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸಿಂಗಲ್ ಟ್ರ್ಯಾಕ್ ಎಂದರೆ ಎರಡೂ ದಿಕ್ಕಿನ ವಾಹನಗಳಿಗೆ ಸೇರಿ ಒಂದೇ ಕಾರಿನ ಅಗಲದ ರಸ್ತೆ. ಅಲ್ಲಲ್ಲಿ ಒಂದು ಪಕ್ಕಕ್ಕೆ ಸ್ವಲ್ಪ ಅಗಲ ಮಾಡಿ 'ಪಾಸಿಂಗ್ ಪ್ಲೇಸ್' ಅಂತ ಬಿಳಿ ಬೋರ್ಡ್ ಹಾಕಿರುತ್ತಾರೆ. ಎದುರಿನಿಂದ ಗಾಡಿ ಬಂದರೆ ಯಾರಿಗೆ ಅದು ಹತ್ತಿರವೋ ಅವರು ನಿಲ್ಲಬೇಕು. ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ನಿಮ್ಮ ರಸ್ತೆಯಲ್ಲೇ ಅದರ ಎದುರಿಗೆ ನಿಲ್ಲಿ, ಬರುವ ಗಾಡಿ ಅದರೊಳಗೆ ಬಳಸಿಕೊಂಡು ಹೋಗುತ್ತದೆ. ಬಲಕ್ಕೆ ನುಗ್ಗಬೇಡಿ. ಏರು ಹತ್ತುತ್ತಿರುವ ಗಾಡಿಗೆ ದಾರಿ ಬಿಡಿ. ಬೇಕಾದರೆ ರಿವರ್ಸ್ ಹೋಗಲು ತಯಾರಿರಿ. ಎದುರಿನವರು ನಿಂತರೆ ಕೈ ಎತ್ತಿ ಥ್ಯಾಂಕ್ಸ್ ಹೇಳಿ. ಇಲ್ಲಿ ಎಲ್ಲರೂ ಹೇಳುತ್ತಾರೆ.

ಹಿಂದೆ ಗಾಡಿ ಬಂದರೂ ಅದೇ ಪಾಸಿಂಗ್ ಪ್ಲೇಸ್‌ನಲ್ಲಿ ನಿಂತು ಅವರನ್ನು ಮುಂದೆ ಬಿಡಿ. ಪ್ರವಾಸಿಗರು ನೋಟ ನೋಡುತ್ತಾ ನಿಧಾನ ಹೋಗುವುದು ತಪ್ಪಲ್ಲ. ಆದರೆ ಹಿಂದಿರುವವರು ಶಾಲೆಗೋ, ಆಸ್ಪತ್ರೆಗೋ, ಕರು ಹಾಕುತ್ತಿರುವ ಹಸುವಿನ ಹತ್ತಿರಕ್ಕೋ ಹೋಗುತ್ತಿರುತ್ತಾರೆ.

ಎಲ್ಲಕ್ಕಿಂತ ಮುಖ್ಯ: ಪಾಸಿಂಗ್ ಪ್ಲೇಸ್‌ನಲ್ಲಿ ಗಾಡಿ ಪಾರ್ಕ್ ಮಾಡಬೇಡಿ. ಎರಡು ನಿಮಿಷಕ್ಕೂ ಬೇಡ. ಲಾಖ್ ಚೆನ್ನಾಗಿ ಕಾಣುತ್ತದೆ ಎಂದು ಒಂದು ಕುಟುಂಬ ಅಲ್ಲಿ ಫ್ಲಾಸ್ಕ್ ತೆಗೆದು ಟೀ ಕುಡಿಯುತ್ತಾ ಕೂತಿತ್ತು. ಎದುರಿನಿಂದ ಕ್ಯಾಂಪರ್ ವ್ಯಾನ್ ಬಂತು. ಇತ್ತ ನನ್ನ ಕಾರು. ಹಿಂದೆ ಕುರಿ ಸಾಗಿಸುವ ಟ್ರೇಲರ್. ಯಾರಿಗೂ ಅಲ್ಲಾಡಲು ಜಾಗ ಇಲ್ಲ. ನಾನು ಹೋಗಬೇಕಿದ್ದ ಮನೆಯಲ್ಲಿ ಒಬ್ಬ ಅಜ್ಜ ಇನ್ಸುಲಿನ್‌ಗೆ ಕಾಯುತ್ತಿದ್ದರು. ಪಾರ್ಕಿಂಗ್‌ಗೆ ಬೇರೆ ಜಾಗ ಇರುತ್ತದೆ, 'ಪಿ' ಬೋರ್ಡ್ ಇರುತ್ತದೆ, ಅಲ್ಲಿವರೆಗೆ ತಾಳಿಕೊಳ್ಳಿ.

ವೇಗದ ಮಿತಿ 60 ಮೈಲಿ ಎಂದು ಕಂಡರೆ ಅಷ್ಟರಲ್ಲಿ ಓಡಿಸಬೇಕು ಎಂದಲ್ಲ. ತಿರುವಿನಾಚೆ ಕುರಿ ಮಲಗಿರಬಹುದು. ಬೆಳಗಿನ ಜಾವ, ಸಂಜೆ ಜಿಂಕೆ ಅಡ್ಡ ಬರುತ್ತವೆ.

ಬಸವನಗುಡಿ_ಸಂಜೆ:

ಮೇಡಂ, ಇದನ್ನು ಯಜಮಾನರಿಗೆ ಓದಿ ಹೇಳಿದೆ. ಬಲಕ್ಕೆ ನುಗ್ಗಬಾರದು ಎನ್ನುವುದು ನಮಗೆ ಗೊತ್ತೇ ಇರಲಿಲ್ಲ. ತುಂಬಾ ಧನ್ಯವಾದ. ನಮ್ಮ ಲೈಸೆನ್ಸ್ ನಡೆಯುತ್ತದಾ? ಕಾರು ಯಾವುದು ತಗೊಳ್ಳುವುದು?

ಅಬರ್ಡೀನ್_ತೈಲ:

ಕರ್ನಾಟಕದ ಸ್ಮಾರ್ಟ್ ಕಾರ್ಡ್ ಲೈಸೆನ್ಸ್‌ನಲ್ಲಿ ಇಂಗ್ಲಿಷ್ ಇದೆ, ನಡೆಯುತ್ತದೆ. ಪ್ರವಾಸಕ್ಕೆ ಬಂದವರು ತಮ್ಮ ದೇಶದ ಲೈಸೆನ್ಸ್‌ನಲ್ಲಿ 12 ತಿಂಗಳು ಓಡಿಸಬಹುದು. ಆದರೂ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಕೆಲವು ಬಾಡಿಗೆ ಕಂಪನಿಗಳು ಕೇಳುತ್ತವೆ. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಡೆಬಿಟ್ ಕಾರ್ಡ್ ನಂಬಿಕೊಂಡು ಬರಬೇಡಿ. ಇಲ್ಲಿಯೂ ಎಡಗಡೆಯ ಓಡಾಟ, ಆ ಚಿಂತೆ ಇಲ್ಲ. ಆಟೋಮ್ಯಾಟಿಕ್ ಬೇಕಿದ್ದರೆ ಮೊದಲೇ ಹೇಳಿ ಬುಕ್ ಮಾಡಿ.

ಕಾರು ಚಿಕ್ಕದಿದ್ದಷ್ಟೂ ಒಳ್ಳೆಯದು. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಎಂದು ದೊಡ್ಡ ಎಸ್‌ಯುವಿ ತಗೊಂಡರೆ ಆ ರಸ್ತೆಗಳಲ್ಲಿ ಕಷ್ಟ. ಸಾಮಾನು ಕಡಿಮೆ ಮಾಡಿ, ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ ಎಸ್ಟೇಟ್ ಮಾದರಿಯ ಕಾರು ತಗೊಳ್ಳಿ. ಮಗಳಿಗೆ ಸೀಟು ಬೇಕೇ ಬೇಕು. 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿವರೆಗೆ ಕಾನೂನು.

ಇನ್ಶೂರೆನ್ಸ್ ಕಾಗದ ಓದಿ ಸಹಿ ಹಾಕಿ. ಒಂದು ಬಾಡಿಗೆ ಕಂಪನಿ ನನ್ನಿಂದ ಟಯರಿನ ಪಕ್ಕ ಹರಿದದ್ದಕ್ಕೆ ಪೂರ್ತಿ ಹಣ ಕಿತ್ತಿತು. ಸಾಮಾನ್ಯ ಕವರ್‌ನಲ್ಲಿ ಟಯರು, ಗಾಜು ಎಷ್ಟೋ ಸಲ ಸೇರಿರುವುದಿಲ್ಲ. ಈ ರಸ್ತೆಗಳ ಅಂಚಿನಲ್ಲಿ ಟಾರು ಒಡೆದು ಹಳ್ಳ ಬಿದ್ದಿರುತ್ತದೆ, ಟಯರಿಗೆ ಪೆಟ್ಟು ಅಲ್ಲೇ. ಕಾರು ತಗೊಳ್ಳುವಾಗ ನಾಲ್ಕೂ ಚಕ್ರದ ಫೋಟೋ ತೆಗೆದಿಟ್ಟುಕೊಳ್ಳಿ.

ಯಜಮಾನರು ವಿಸ್ಕಿ ರುಚಿ ನೋಡುವವರಾದರೆ ಒಂದು ಮಾತು. ಸ್ಕಾಟ್‌ಲೆಂಡ್‌ನಲ್ಲಿ ಮದ್ಯದ ಮಿತಿ ಇಂಗ್ಲೆಂಡಿಗಿಂತ ಕಡಿಮೆ. 2014ರ ಡಿಸೆಂಬರ್‌ನಿಂದ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ. ಡ್ರೈವರ್‌ಗೆ ಬೇಡವೇ ಬೇಡ. ಓಬನ್ ಡಿಸ್ಟಿಲರಿ ಊರಿನ ನಡುವೆಯೇ ಇದೆ, ಕಾರು ರೂಮಿನ ಹತ್ತಿರ ಬಿಟ್ಟು ನಡೆದು ಹೋಗಬಹುದು.

ಮಲ್ಪೆ_ಬಂದರು:

ಬಂದರಿನ ಊರಿನವನಾಗಿ ನಾನೂ ಸ್ವಲ್ಪ ಹೇಳುತ್ತೇನೆ. ಈ ಕರಾವಳಿಯ ಸಣ್ಣ ಊರುಗಳು ಪ್ರವಾಸಿಗರಿಗೆಂದು ಹುಟ್ಟಿದವಲ್ಲ. ಮೀನಿಗೆ ಹುಟ್ಟಿದವು. ಅಲ್ಲಪೂಲ್ ಅನ್ನು 1788ರಲ್ಲಿ ಬ್ರಿಟಿಷ್ ಫಿಶರೀಸ್ ಸೊಸೈಟಿ ಹೆರ್ರಿಂಗ್ ಮೀನುಗಾರಿಕೆಗೆಂದೇ ಕಟ್ಟಿಸಿತು. ನೇರ ಬೀದಿಗಳು, ನೀರಿಗೆ ಮುಖ ಮಾಡಿದ ಬಿಳಿ ಮನೆಗಳು. ಆಮೇಲೆ ಹೆರ್ರಿಂಗ್ ಹೋಯಿತು. 1970ರ ದಶಕದಿಂದ ಮುಂದೆ ಅದೇ ಲಾಖ್ ಬ್ರೂಮ್‌ನಲ್ಲಿ ಸೋವಿಯತ್ ಒಕ್ಕೂಟದ, ಪೂರ್ವ ಯುರೋಪಿನ ದೊಡ್ಡ ಕಾರ್ಖಾನೆ ಹಡಗುಗಳು ಲಂಗರು ಹಾಕಿದವು. ಇಲ್ಲಿನ ದೋಣಿಗಳಿಂದ ಮ್ಯಾಕ್ರೆಲ್ ಕೊಂಡು ಅಲ್ಲೇ ಸಂಸ್ಕರಿಸುತ್ತಿದ್ದವು. ಮ್ಯಾಕ್ರೆಲ್ ಎಂದರೆ ನಮ್ಮ ಬಂಗುಡೆಯ ದಾಯಾದಿ. ನೀಲಿ ಹಸಿರು ಬೆನ್ನ ಮೇಲೆ ಕಪ್ಪು ಪಟ್ಟೆ, ಮಾಂಸದಲ್ಲಿ ಎಣ್ಣೆ ಜಾಸ್ತಿ. ಮೆಣಸು ಹುಳಿ ಹಚ್ಚಿ ಕಾಯಿಸಿದರೆ ವ್ಯತ್ಯಾಸ ಹೇಳುವುದು ಕಷ್ಟ.

ಮಲ್ಲೇಗ್ ಬಂದರಿನಲ್ಲಿ ಕಿಪ್ಪರ್ ತಿನ್ನಿ, ತಿನ್ನುವವರಿದ್ದರೆ. ಹೆರ್ರಿಂಗ್ ಮೀನನ್ನು ಬೆನ್ನಿನ ಕಡೆಯಿಂದ ಸೀಳಿ, ಪುಸ್ತಕದ ಹಾಗೆ ಅಗಲಿಸಿ, ಉಪ್ಪುನೀರಿನಲ್ಲಿಟ್ಟು, ಓಕ್ ಮರದ ಹೊಗೆಯಲ್ಲಿ ತೂಗು ಹಾಕುತ್ತಾರೆ. ಹೊರಗೆ ತೆಗೆದಾಗ ತಾಮ್ರದ ಬಣ್ಣ. ಓಬನ್‌ನ ಫೆರಿ ಕಟ್ಟೆಯ ಪಕ್ಕ ಹಸಿರು ಬಣ್ಣದ ಸಣ್ಣ ಗೂಡಂಗಡಿ ಇದೆ. ನೀಲಿಕಲ್ಲು ಎನ್ನುವ ಚಿಪ್ಪು, ಸಿಗಡಿ, ಏಡಿ ಎಲ್ಲ ಅಲ್ಲೇ ಬೇಯಿಸಿ ಕೊಡುತ್ತಾರೆ, ನಿಂತುಕೊಂಡೇ ತಿನ್ನುವುದು. ಮಸಾಲೆ ಇರುವುದಿಲ್ಲ, ಬೆಣ್ಣೆ ಬೆಳ್ಳುಳ್ಳಿ ಅಷ್ಟೇ. ಮೀನು ತಾಜಾ ಇದ್ದರೆ ಅಷ್ಟು ಸಾಕು.

ಭರತ, ಇಳಿತದ ವೇಳೆ ನೋಡಿಕೊಳ್ಳಿ. ಓಬನ್‌ನಿಂದ ಉತ್ತರಕ್ಕೆ ಹೋಗುವಾಗ ನೀರಿನ ನಡುವೆ ಕಾಸಲ್ ಸ್ಟಾಕರ್ ಕಾಣುತ್ತದೆ. ಇಳಿತದಲ್ಲಿ ಸುತ್ತ ಬರೀ ಕೆಸರು. ಐಲಿಯನ್ ಡೋನನ್ ಕೋಟೆಯೂ ಹಾಗೆ. ಮೂರು ಲಾಖ್‌ಗಳು ಸೇರುವ ಜಾಗ ಅದು, ನೀರು ಏರಿದಾಗಲೇ ಅದರ ಚೆಂದ.

ಬಸವನಗುಡಿ_ಸಂಜೆ:

ಅಮ್ಮನ ಹಾಗೆ ನಾವು ಮೂವರೂ ಮೀನು ತಿನ್ನುವುದಿಲ್ಲ ಅಣ್ಣ, ಆದರೆ ಓದಿಯೇ ಬಂದರು ನೋಡುವ ಆಸೆ ಆಯಿತು. ಅಮ್ಮನ ಊಟದ ಬಗ್ಗೆ ಯಾರಾದರೂ ಹೇಳಿ.

ಗ್ಲಾಸ್ಗೋ_ಕನ್ನಡತಿ:

ಹೋಟೆಲ್ ರೂಮು ಬೇಡ, ಅಡುಗೆಮನೆ ಇರುವ ಕಾಟೇಜ್ ತಗೊಳ್ಳಿ. ಸೆಲ್ಫ್ ಕೇಟರಿಂಗ್ ಅಂತ ಹುಡುಕಿ. ಎರಡು ಮೂರು ರಾತ್ರಿ ಒಂದೇ ಕಡೆ ಇರಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ. ಅಕ್ಕಿ, ಬೇಳೆ, ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಇದ್ದರೆ ಅಮ್ಮ ಆರಾಮ. ಸಣ್ಣ ರೈಸ್ ಕುಕ್ಕರ್ ಗ್ಲಾಸ್ಗೋದಲ್ಲೇ ಸಿಗುತ್ತದೆ, ನಮ್ಮದೇ ಬೇಕಾದರೂ ಕೊಡುತ್ತೇನೆ. ಅಕ್ಕಿ ಬೇಳೆಗೆ ಗ್ಲಾಸ್ಗೋದಲ್ಲಿ ಇಂಡಿಯನ್ ಅಂಗಡಿಗಳಿವೆ. ತರಕಾರಿ, ಮೊಸರು ಓಬನ್, ಫೋರ್ಟ್ ವಿಲಿಯಂ, ಅಲ್ಲಪೂಲ್ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತವೆ. ಇಂಡಿಯಾದಿಂದ ಹಾಲಿನ ತಿಂಡಿ, ತುಪ್ಪ ತರಬೇಡಿ, ಇಲ್ಲಿ ಬಿಡುವುದಿಲ್ಲ.

ಹೊರಗೆ ತಿನ್ನುವಾಗ ಒಂದು ಎಚ್ಚರ. ಲೆಂಟಿಲ್ ಸೂಪ್ ಎಂದು ಬೋರ್ಡ್ ಇದ್ದ ಮಾತ್ರಕ್ಕೆ ಸಸ್ಯಾಹಾರ ಅಲ್ಲ. ಇಲ್ಲಿನ ಹಳೇ ಪದ್ಧತಿಯಲ್ಲಿ ಅದನ್ನು ಹಂದಿ ಮೂಳೆಯ ರಸದಲ್ಲಿ ಬೇಯಿಸುತ್ತಾರೆ. ಕೇಳಿಯೇ ತಗೊಳ್ಳಿ, ಬೇಸರವಿಲ್ಲದೆ ಹೇಳುತ್ತಾರೆ. ಬೇಕ್ಡ್ ಪೊಟೇಟೊ, ಚೀಸ್, ಓಟ್ಸ್ ಬಿಸ್ಕತ್ತು ಎಲ್ಲ ಕಡೆ ಇರುತ್ತದೆ. ಕೇಕ್, ಸ್ಕೋನ್‌ಗಳಲ್ಲಿ ಮೊಟ್ಟೆ ಇರಬಹುದು. ವೀಗನ್ ಎಂದು ಬರೆದದ್ದು ತಗೊಂಡರೆ ಅಮ್ಮನಿಗೆ ಯೋಚನೆ ಇಲ್ಲ. ಇನ್ನೊಂದು, ಸಣ್ಣ ಊರುಗಳಲ್ಲಿ ರಾತ್ರಿ ಎಂಟು, ಎಂಟೂವರೆಗೆ ಅಡುಗೆಮನೆ ಮುಚ್ಚಿಬಿಡುತ್ತಾರೆ. ಹೊರಗೆ ಹಗಲು ಬೆಳಕಿದೆ ಎಂದು ಸುಮ್ನೆ ತಿರುಗುತ್ತಿದ್ದರೆ ಊಟ ಸಿಗುವುದಿಲ್ಲ.

ಇಳಿದ ಶನಿವಾರ ಕಾರು ಮುಟ್ಟಬೇಡಿ. ಅಷ್ಟು ಹೊತ್ತಿನ ವಿಮಾನ ಪ್ರಯಾಣದ ಮೇಲೆ ಅದು ಬೇಡ. ರಾತ್ರಿ ಊಟಕ್ಕೆ ನಮ್ಮ ಮನೆಗೆ ಬನ್ನಿ.

ಶಾಸನ_ಓದುಗ:

ಗ್ಲಾಸ್ಗೋದಿಂದ ಓಬನ್‌ಗೆ ಹೋಗುವಾಗ ನೇರ ದಾರಿ ಬಿಟ್ಟು ಇನ್ವರೇರಿ, ಲಾಖ್‌ಗಿಲ್ಪ್‌ಹೆಡ್, ಕಿಲ್ಮಾರ್ಟಿನ್ ಮೂಲಕ ಹೋಗಿ. ಸುಮಾರು 200 ಕಿ.ಮೀ. ಆಗುತ್ತದೆ, ಒಂದು ದಿನಕ್ಕೆ ಹಿತ. ಲಾಖ್ ಲೋಮಂಡ್ ದಡದಲ್ಲಿ ಸ್ವಲ್ಪ ದೂರ ಹೋಗಿ ಎ83 ಹಿಡಿದು ಏರಿದರೆ 'ರೆಸ್ಟ್ ಆಂಡ್ ಬಿ ಥ್ಯಾಂಕ್‌ಫುಲ್' ಎಂಬ ಕಣಿವೆ ತಲೆ. ಅಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಹೊರಡುವ ಮುಂಚೆ ಟ್ರಾಫಿಕ್ ಸ್ಕಾಟ್‌ಲೆಂಡ್ ವೆಬ್‌ಸೈಟ್ ನೋಡಿ.

ಕಿಲ್ಮಾರ್ಟಿನ್ ಕಣಿವೆಯಲ್ಲಿ ನಿಲ್ಲದೆ ಹೋಗಬೇಡಿ. ಸುತ್ತ ಹತ್ತು ಕಿ.ಮೀ. ಒಳಗೆ 800ಕ್ಕೂ ಹೆಚ್ಚು ಪ್ರಾಚೀನ ಗುರುತುಗಳಿವೆ. ಕಲ್ಲುಗುಂಡಿನ ಸಮಾಧಿಗಳು, ನಿಲುಗಲ್ಲುಗಳು, ಬಂಡೆಯ ಮೇಲೆ ಕೊರೆದ ಬಟ್ಟಲು ಮತ್ತು ಬಳೆಯಾಕಾರಗಳು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಕಲ್ಲು ಸಮಾಧಿಗಳನ್ನು ನೋಡಿದವರಿಗೆ ಈ ಜಾಗ ತಕ್ಷಣ ಹಿಡಿಸುತ್ತದೆ. ಕೆಲವು ಸಮಾಧಿಗಳು ಸಮತಟ್ಟು ಜಾಗದಲ್ಲಿವೆ, ಅಮ್ಮ ನಿಧಾನಕ್ಕೆ ನಡೆದು ನೋಡಬಹುದು. ಪಕ್ಕದ ಡನಾಡ್ ಗುಡ್ಡ ಹತ್ತಲು ಮಾತ್ರ ಕಾಲು ಗಟ್ಟಿ ಇರಬೇಕು. ಅದು ಡಾಲ್ ರಿಯಾಡಾ ಎಂಬ ಹಳೆಯ ರಾಜ್ಯದ ಕೋಟೆ. ಮೇಲಿನ ಬಂಡೆಯಲ್ಲಿ ಒಂದು ಪಾದದ ಗುರುತು ಕೊರೆದಿದ್ದಾರೆ. ರಾಜ್ಯಾಭಿಷೇಕದ ವೇಳೆ ರಾಜ ಅದರಲ್ಲಿ ಕಾಲಿಡುತ್ತಿದ್ದ ಎನ್ನುತ್ತಾರೆ. ಮಗಳನ್ನು ಕರೆದುಕೊಂಡು ಹೋಗಿ, ಅವಳ ಕಾಲಿಗೆ ಆ ಹಳ್ಳ ದೊಡ್ಡದಾಗುತ್ತದೆ. ಮಳೆಯಾಗಿದ್ದರೆ ಅದರಲ್ಲಿ ನೀರು ನಿಂತಿರುತ್ತದೆ.

ಇನ್ನೊಂದು ಸಂಗತಿ. ಅಲ್ಲಪೂಲ್ ಕಟ್ಟೆಯಿಂದ ದೊಡ್ಡ ಫೆರಿ ಲೂಯಿಸ್ ದ್ವೀಪದ ಸ್ಟಾರ್ನೊವೇಗೆ ಹೋಗುತ್ತದೆ. ಕಾಲಿನ್ ಮೆಕೆಂಜಿ ಹುಟ್ಟಿದ ಊರು ಅದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಆಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದವನು, 1815ರಲ್ಲಿ ಇಂಡಿಯಾದ ಮೊದಲ ಸರ್ವೇಯರ್ ಜನರಲ್. ಕಾವಲಿ ಸಹೋದರರು, ಹಳಗನ್ನಡ ಬಲ್ಲ ಜೈನ ಪಂಡಿತ ಧರ್ಮಯ್ಯ ಇಂಥವರ ನೆರವಿನಿಂದ ಅವನು ಕೂಡಿಸಿದ ಶಾಸನಗಳ ಪ್ರತಿ, ಊರೂರಿನ ಚರಿತ್ರೆ ಬರೆದಿಟ್ಟ ಕೈಫಿಯತ್ತುಗಳು ಇವತ್ತಿಗೂ ನಮ್ಮ ಇತಿಹಾಸಕ್ಕೆ ಆಧಾರ. ದ್ವೀಪಕ್ಕೆ ಹೋಗಿ ಬರಲು ನಿಮಗೆ ಸಮಯ ಸಾಲದು. ಆದರೆ ಆ ಹಡಗು ಕಟ್ಟೆಗೆ ಬಂದಾಗ ಎಲ್ಲಿಗೆ ಹೋಗುತ್ತದೆ ಎಂದು ಮಗಳಿಗೆ ಹೇಳಿ.

ಲಾಲ್‌ಬಾಗ್_ಬಂಡೆ:

ಬಸವನಗುಡಿಯವರಿಗೆ ಇದು ಹೇಳಲೇಬೇಕು. ನಿಮ್ಮ ಪಕ್ಕದ ಲಾಲ್‌ಬಾಗ್ ಗುಡ್ಡದ ನೈಸ್ ಎಂಬ ಪಟ್ಟೆಗಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಗೇರ್‌ಲಾಖ್‌ನಿಂದ ಕೈಲ್‌ಸ್ಕುವರೆಗೆ ರಸ್ತೆ ಬದಿ ಕಾಣುವ ಬೂದು ಪಟ್ಟೆಯ ಬಂಡೆಯೂ ನೈಸ್, ಲೂಯಿಸಿಯನ್ ನೈಸ್ ಎನ್ನುತ್ತಾರೆ. ಅದರಲ್ಲಿ ಹಳೆಯದಕ್ಕೆ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅದರ ಮೇಲೆ ಕೆಂಪು ಮರಳುಗಲ್ಲಿನ ಬೆಟ್ಟಗಳು ಕೂತಿವೆ, ಅವು ಸುಮಾರು 100 ಕೋಟಿ ವರ್ಷದವು. ಟಾರಿಡನ್ ಬೆಟ್ಟಗಳ ಅಡ್ಡ ಪದರಗಳು ರಸ್ತೆಯಿಂದಲೇ ಎಣಿಸುವಷ್ಟು ಸ್ಪಷ್ಟ.

ಅಲ್ಲಪೂಲ್‌ನಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ಹೋದರೆ ನಾಕನ್ ಕ್ರ್ಯಾಗ್. ಹಳೆಯ ಬಂಡೆ ಹೊಸದರ ಮೇಲೆ ಜರುಗಿ ಕೂತಿರುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಇದು ಹೇಗಾಯಿತು ಎಂದು 19ನೇ ಶತಮಾನದಲ್ಲಿ ದೊಡ್ಡ ಜಗಳವೇ ನಡೆಯಿತು. ಭೂವಿಜ್ಞಾನಿಗಳಾದ ಬೆನ್ ಪೀಚ್, ಜಾನ್ ಹಾರ್ನ್ ಇಬ್ಬರೂ ಜಾಗ ಅಳೆದು ನಕ್ಷೆ ಬರೆದು ಬಿಡಿಸಿದರು, ವರದಿ 1907ರಲ್ಲಿ ಬಂತು. ಕೈಲ್‌ಸ್ಕುವಿನ ದಾರಿಯಲ್ಲೇ ಇದೆ. ಮಕ್ಕಳಿಗೆ ಅರ್ಥವಾಗುವ ಹಾಗೆ ಫಲಕಗಳಿವೆ. ಅಮ್ಮ ಕೆಳಗಿನ ತೆರೆದ ಚಾವಡಿಯಲ್ಲಿ ಕೂರಬಹುದು.

ಆಗುಂಬೆ_ಮಳೆ:

ಆಪಲ್‌ಕ್ರಾಸ್ ಎಂಬ ಊರಿಗೆ ಹೋಗುವ ಬೆಲಖ್ ನ ಬಾ ಘಾಟಿಯ ಬಗ್ಗೆ ಯಾರೂ ಹೇಳಲಿಲ್ಲ. ಪ್ಲಾಕ್ಟನ್‌ನಲ್ಲಿ ಉಳಿದರೆ ಎಲ್ಲರೂ ಅಲ್ಲಿಗೆ ಹೋಗಿ ಎನ್ನುತ್ತಾರೆ. ಸಮುದ್ರ ಮಟ್ಟದಿಂದ 626 ಮೀ. ಏರು. 1822ರಲ್ಲಿ ಮಾಡಿದ ದಾರಿ. ಹೊಸಬರು, ದೊಡ್ಡ ವಾಹನದವರು ಬೇಡ ಎಂದು ಬುಡದಲ್ಲೇ ಬೋರ್ಡ್ ಇದೆ. ನಮ್ಮ ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ಇದ್ದರೂ ಎದುರು ಗಾಡಿಗೆ ಜಾಗ ಇರುತ್ತದೆ. ಇಲ್ಲಿ ಹೇರ್‌ಪಿನ್ ಕಡಿಮೆ, ಆದರೆ ಅಗಲ ಒಂದೇ ಕಾರಿಗೆ. ಘಾಟಿ ರೂಢಿ ಇರುವವರಿಗೆ ಏರುವುದು ಕಷ್ಟವಲ್ಲ. ರಿವರ್ಸ್‌ನಲ್ಲಿ ಧೈರ್ಯ ಇದೆಯಾ, ಅದನ್ನು ಕೇಳಿಕೊಳ್ಳಿ. ಮೋಡ ಇಳಿದಿದ್ದರೆ ಹೋಗಲೇಬೇಡಿ. ತುದಿಯಲ್ಲಿ ಸ್ಕೈ ದ್ವೀಪ ಕಾಣಬೇಕು, ಮಂಜಿನಲ್ಲಿ ಏನೂ ಕಾಣುವುದಿಲ್ಲ.

ಶೀಲ್ಡೇಗ್ ಕಡೆಯಿಂದ ದಡದ ಗುಂಟ ಇನ್ನೊಂದು ರಸ್ತೆ ಇದೆ. 1970ರ ದಶಕದಲ್ಲಿ ಅದು ಆಗುವವರೆಗೆ ಆಪಲ್‌ಕ್ರಾಸ್‌ಗೆ ಕಾರಿನ ದಾರಿ ಆ ಘಾಟಿ ಒಂದೇ. ಹಿಮ ಬಿದ್ದರೆ ಊರು ಮುಚ್ಚಿಹೋಗುತ್ತಿತ್ತು. ದಿನ ತಿಳಿಯಾಗಿದ್ದರೆ ಘಾಟಿ ಹತ್ತಿ ಹೋಗಿ, ದಡದ ರಸ್ತೆಯಲ್ಲಿ ವಾಪಸ್ ಬನ್ನಿ. ಇಲ್ಲದಿದ್ದರೆ ಎರಡೂ ಸಲ ದಡದ ರಸ್ತೆಯೇ ಇರಲಿ. ಅದೇನು ಕಡಿಮೆ ಅಲ್ಲ.

ಹೈಲ್ಯಾಂಡ್_ನರ್ಸ್:

ಆಗುಂಬೆಯವರು ಸರಿಯಾಗಿ ಹೇಳಿದರು. ಪೆಟ್ರೋಲ್ ಅರ್ಧಕ್ಕೆ ಇಳಿದ ಕೂಡಲೇ ಸಿಕ್ಕಿದ ಬಂಕ್‌ನಲ್ಲಿ ತುಂಬಿಸಿ. ಆಪಲ್‌ಕ್ರಾಸ್‌ನಲ್ಲಿ ಊರಿನವರೇ ಸೇರಿ ನಡೆಸುವ ಬಂಕ್ ಇದೆ. ಅಲ್ಲಿ ಹಾಕಿಸಿದರೆ ಊರಿಗೂ ಆಧಾರ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ.

ಮಿಜ್ ಎಂಬ ಸಣ್ಣ ನೊಣ ಮೇ ಕೊನೆಗೆ ಶುರುವಾಗುತ್ತದೆ. ಗಾಳಿ ಇದ್ದರೆ ಇರುವುದಿಲ್ಲ. ಗಾಳಿ ನಿಂತ, ಮೋಡದ ಸಂಜೆ ನೀರಿನ ಹತ್ತಿರ ಮುತ್ತಿಕೊಳ್ಳುತ್ತವೆ. ಸ್ಮಿಜ್ ಎಂಬ ಸ್ಪ್ರೇ ಯಾವುದೇ ಅಂಗಡಿಯಲ್ಲಿ ಸಿಗುತ್ತದೆ. ಹುಲ್ಲಿನಲ್ಲಿ ಆಡಿ ಬಂದ ಮಗಳ ಮಂಡಿ ಹಿಂದೆ, ಕಿವಿ ಹಿಂದೆ, ಕಂಕುಳಲ್ಲಿ ಉಣ್ಣಿ ಹುಳ ಇದೆಯಾ ಎಂದು ದಿನಾ ರಾತ್ರಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಆಮೇಲಿನ ವಾರಗಳಲ್ಲಿ ಕೆಂಪು ಉಂಗುರ ಎದ್ದರೆ ಬೆಂಗಳೂರಿನ ಡಾಕ್ಟರಿಗೆ ಸ್ಕಾಟ್‌ಲೆಂಡ್‌ಗೆ ಹೋಗಿದ್ದೆವು ಎಂದು ಹೇಳಿ. ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆ ಅಲ್ಲಿ ಯಾರಿಗೂ ಮೊದಲು ಹೊಳೆಯುವುದಿಲ್ಲ.

ಬಸವನಗುಡಿ_ಸಂಜೆ:

ಎಲ್ಲರ ಮಾತು ಕೇಳಿ ಪ್ಲಾನ್ ಹೊಸದಾಗಿ ಬರೆದೆವು. ಶನಿವಾರ ಗ್ಲಾಸ್ಗೋ. ಭಾನುವಾರ ಇನ್ವರೇರಿ, ಕಿಲ್ಮಾರ್ಟಿನ್ ಮೂಲಕ ಓಬನ್, ಅಲ್ಲಿ ಮಂಗಳವಾರದವರೆಗೆ. ಬುಧವಾರ, ಗುರುವಾರ ಆರಿಸೇಗ್. ಶುಕ್ರವಾರ ಮಲ್ಲೇಗ್‌ನಿಂದ ಫೆರಿಯಲ್ಲಿ ಸ್ಕೈನ ಆರ್ಮಡೇಲ್, ಸೇತುವೆ ದಾಟಿ ಪ್ಲಾಕ್ಟನ್. ಅಲ್ಲಿ ಎರಡು ರಾತ್ರಿ. ಭಾನುವಾರ ಟಾರಿಡನ್, ಗೇರ್‌ಲಾಖ್ ದಾರಿಯಾಗಿ ಅಲ್ಲಪೂಲ್, ಎರಡು ರಾತ್ರಿ. ಮಂಗಳವಾರ ಗ್ಲಾಸ್ಗೋ.

ಸ್ಕೈಗೆ ಬರೀ ಅರ್ಧ ದಿನ ಸಿಗುತ್ತಿದೆ. ಅದು ತಪ್ಪಾಗುತ್ತದಾ? ಮಲ್ಲೇಗ್ ಫೆರಿಗೆ ಮೊದಲೇ ಬುಕ್ ಮಾಡಬೇಕಾ?

ಅಬರ್ಡೀನ್_ತೈಲ:

ಸ್ಕೈ ಪೂರ್ತಿ ನೋಡಲು ಬೇರೆಯೇ ಸಲ ಬನ್ನಿ. ಅಲ್ಲಿನ ಹೆಸರಾದ ಜಾಗಗಳಲ್ಲಿ ಪಾರ್ಕಿಂಗ್‌ಗೇ ಹೊತ್ತು ಹೋಗುತ್ತದೆ, ಹೆಚ್ಚಿನವಕ್ಕೆ ಹತ್ತಿ ಇಳಿಯುವ ನಡಿಗೆ ಬೇರೆ. ಅರ್ಧ ದಿನದಲ್ಲಿ ದಕ್ಷಿಣದ ಸ್ಲೇಟ್ ಭಾಗ ನೋಡಿ, ಸಾಕು.

ಗ್ಲಾಸ್ಗೋ_ಕನ್ನಡತಿ:

ಈಗ ಪ್ಲಾನ್ ಚೆನ್ನಾಗಿದೆ ಅಕ್ಕ. ಕೆಲವು ಸಣ್ಣ ಮಾತು.

ಬುಧವಾರ ಓಬನ್ ಬಿಟ್ಟಾಗ ಗ್ಲೆನ್‌ಕೋ ಒಳಗೆ ಸ್ವಲ್ಪ ದೂರ ಹೋಗಿ ವಾಪಸ್ ಬನ್ನಿ. 'ಥ್ರೀ ಸಿಸ್ಟರ್ಸ್' ಬೆಟ್ಟಗಳು ಪಾರ್ಕಿಂಗ್‌ನಿಂದಲೇ ಕಾಣುತ್ತವೆ. 1692ರ ಫೆಬ್ರವರಿಯಲ್ಲಿ ಮನೆಯಲ್ಲಿ ಉಳಿಸಿಕೊಂಡು ಅನ್ನ ಹಾಕಿದವರನ್ನೇ ಸೈನಿಕರು ಕೊಂದ ಕಣಿವೆ ಅದು. ಫೋರ್ಟ್ ವಿಲಿಯಂ ದಾಟಿದ ಮೇಲೆ ಬನಾವಿಯಲ್ಲಿ 'ನೆಪ್ಚೂನ್ಸ್ ಸ್ಟೇರ್‌ಕೇಸ್'. ಕಾಲುವೆಯಲ್ಲಿ ಸಾಲಾಗಿ ಎಂಟು ಲಾಕ್‌ಗಳು. ಗೇಟು ಮುಚ್ಚಿ ನೀರು ತುಂಬಿಸಿ ದೋಣಿಯನ್ನು ಒಂದೊಂದೇ ಮೆಟ್ಟಿಲು ಮೇಲೆತ್ತುತ್ತಾರೆ. ಮಗಳು ಅಲ್ಲಿಂದ ಕದಲುವುದಿಲ್ಲ. ಗ್ಲೆನ್‌ಫಿನ್ನನ್‌ನ 21 ಕಮಾನಿನ ರೈಲು ಸೇತುವೆಗೆ ಹಬೆ ರೈಲಿನ ಹೊತ್ತಿನಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ, ಬೇಗ ಹೋಗಿ.

ಆರಿಸೇಗ್‌ನಿಂದ ಮಲ್ಲೇಗ್‌ಗೆ ಹೋಗುವಾಗ ಎ830 ಬಿಟ್ಟು ಹಳೆಯ ಬಿ8008 ಹಿಡಿಯಿರಿ. ಬಿಳಿ ಮರಳಿನ ದಡಗಳು ಅದರ ಪಕ್ಕದಲ್ಲೇ. ಎದುರಿಗೆ ಐಗ್, ರಮ್ ದ್ವೀಪಗಳು. ಭಾನುವಾರ ಅಲ್ಲಪೂಲ್ ದಾರಿಯಲ್ಲಿ ಇನ್ವರ್ಯೂ ತೋಟಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. 1862ರಲ್ಲಿ ಆಸ್ಗುಡ್ ಮೆಕೆಂಜಿ ಬರಡು ಬಂಡೆಯ ಮೇಲೆ ಶುರು ಮಾಡಿದ ತೋಟ. 57 ಡಿಗ್ರಿ ದಾಟಿದ ಉತ್ತರದಲ್ಲಿ ಬೆಚ್ಚಗಿನ ದೇಶದ ಗಿಡಗಳು ಬೆಳೆಯುತ್ತವೆ, ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದಿಂದ. ಅಮ್ಮನಿಗೆ ಗಿಡ ಇಷ್ಟ ಇದ್ದರೆ ಈ ಪ್ರವಾಸದಲ್ಲಿ ಅವರ ಜಾಗ ಅದೇ.

ಫೆರಿಗೆ ಕಾರಿನ ಜಾಗ ಇವತ್ತೇ ಬುಕ್ ಮಾಡಿ, ಫೆರಿ ಕಂಪನಿ ಕ್ಯಾಲ್‌ಮ್ಯಾಕ್‌ನ ವೆಬ್‌ಸೈಟ್‌ನಲ್ಲಿ. ಗಾಳಿ ಜೋರಿದ್ದರೆ ರದ್ದಾಗಬಹುದು, ಹಿಂದಿನ ಸಂಜೆಯೇ ನೋಡಿಕೊಳ್ಳಿ. ರದ್ದಾದರೆ ಗಾಬರಿ ಬೇಡ. ಫೋರ್ಟ್ ವಿಲಿಯಂಗೆ ವಾಪಸ್ ಬಂದು, ಇನ್ವರ್‌ಗ್ಯಾರಿಯಲ್ಲಿ ಎ87 ಹಿಡಿಯಿರಿ. ಮೂರು ಗಂಟೆಗೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಗ್ಲೆನ್ ಶೀಲ್ ಕಣಿವೆ ಇಳಿದು ಆ ರಸ್ತೆ ಐಲಿಯನ್ ಡೋನನ್ ಕೋಟೆಯ ಮುಂದೆಯೇ ಹಾದು ಹೋಗುತ್ತದೆ. ಅಲ್ಲಿಂದ ಪ್ಲಾಕ್ಟನ್ ಹತ್ತಿರ.